ಲಾಸ್ಟ್ ಹೆವನ್‌ನ ಹೊಸ ರಸ್ತೆಗಳು

ಆಟವೊಂದನ್ನು ಆಡಿ ಮುಗಿಸಿದ ಮೇಲೆ ದೂರಲು ಏನೂ ಸಿಗದೆ, ಹೊಗಳುವುದಕ್ಕೂ ಮನಸ್ಸು ಪೂರ್ತಿ ಒಪ್ಪದೆ ಇರುವ ಸ್ಥಿತಿ ವಿಚಿತ್ರವಾದದ್ದು. 2020ರ ಸೆಪ್ಟೆಂಬರ್‌ನಲ್ಲಿ ಬಂದ, 2002ರ ‘ಮಾಫಿಯಾ’ ಎಂಬ ವಿಡಿಯೊ ಗೇಮಿನ ಮರುಸೃಷ್ಟಿಯಾದ ‘ಮಾಫಿಯಾ: ಡೆಫಿನಿಟಿವ್ ಎಡಿಶನ್’ ನನ್ನನ್ನು ಅಂಥ ಸ್ಥಿತಿಯಲ್ಲಿ ನಿಲ್ಲಿಸಿತು. ನಗರ ಕಣ್ತುಂಬುವಷ್ಟು ಚೆನ್ನಾಗಿದೆ. ಮಳೆ ಬಿದ್ದ ರಸ್ತೆಯ ಮೇಲೆ ಅಂಗಡಿಗಳ ದೀಪ ಹೊಳೆಯುತ್ತದೆ, ಪಾತ್ರಗಳ ಮುಖದಲ್ಲಿ ಭಯವೂ ದಣಿವೂ ಬೇರೆಬೇರೆಯಾಗಿಯೇ ಕಾಣುತ್ತವೆ, ಹಳೆಯ ಆಟದಲ್ಲಿ ಮರದ ಗೊಂಬೆಗಳಂತೆ ಕೈ ಆಡಿಸುತ್ತಿದ್ದವರು ಇಲ್ಲಿ ಸಿಗರೇಟು ಹಚ್ಚುವಾಗಲೂ ತಮ್ಮದೇ ಆದ ಒಂದು ರೀತಿಯಲ್ಲಿ ಹಚ್ಚುತ್ತಾರೆ. ಇಷ್ಟೆಲ್ಲ ಇದ್ದೂ ಕೊನೆಯ ದೃಶ್ಯ ಮುಗಿದು ಹೆಸರುಗಳು ಮೇಲೇರತೊಡಗಿದಾಗ ಏನನ್ನೋ ಊಟದಲ್ಲಿ ಬಡಿಸಲು ಮರೆತಿದ್ದಾರೆ ಎಂಬ ಅನುಮಾನ ಉಳಿಯಿತು. ಆ ಅನುಮಾನ ಹಳೆಯ ನೆನಪಿನ ಮೋಹದಿಂದ ಹುಟ್ಟಿದ್ದೋ ಅಥವಾ ಆಟದಲ್ಲಿಯೇ ಅದಕ್ಕೆ ಕಾರಣವಿದೆಯೋ ಎಂದು ಬಹಳ ದಿನ ಯೋಚಿಸಿದ್ದೇನೆ. ಕಾರಣ ಆಟದಲ್ಲಿಯೇ ಇದೆ ಎಂಬುದು ನನ್ನ ಈಗಿನ ನಿಲುವು.

ಕಥೆಯನ್ನು ಇಲ್ಲಿ ವಿವರವಾಗಿ ಹೇಳುವ ಅಗತ್ಯವಿಲ್ಲ. 1930ರಲ್ಲಿ ಲಾಸ್ಟ್ ಹೆವನ್ ಎಂಬ ಕಲ್ಪಿತ ಅಮೆರಿಕನ್ ನಗರದ ಟ್ಯಾಕ್ಸಿ ಚಾಲಕ ಟಾಮಿ ಏಂಜೆಲೊ ಒಂದು ರಾತ್ರಿ ಪಾಲಿ ಮತ್ತು ಸ್ಯಾಮ್ ಎಂಬ ಇಬ್ಬರು ರೌಡಿಗಳನ್ನು ಪಿಸ್ತೂಲಿನ ಭಯಕ್ಕೆ ಕಾರಿಗೆ ಹತ್ತಿಸಿಕೊಂಡು, ಕೊನೆಗೆ ಡಾನ್ ಸಾಲಿಯೇರಿಯ ಕುಟುಂಬದವನಾಗುವ ಕಥೆ ಅದು. 1938ರಲ್ಲಿ ಕಾಫಿ ಅಂಗಡಿಯೊಂದರಲ್ಲಿ ಪತ್ತೇದಾರ ನಾರ್ಮನ್‌ನ ಎದುರು ಕುಳಿತು, ತನ್ನ ಹೆಂಡತಿ ಮಕ್ಕಳಿಗೆ ರಕ್ಷಣೆ ಕೊಡುವುದಾದರೆ ಎಲ್ಲವನ್ನೂ ಹೇಳುತ್ತೇನೆ ಎಂದು ಅವನು ಹೇಳಿಕೊಳ್ಳುವ ಬದುಕು ಆಟದ ಮೈ. ಮೂಲ ಆಟವನ್ನು 2002ರಲ್ಲಿ ಮಾಡಿದ್ದು ಚೆಕ್ ಗಣರಾಜ್ಯದ ಬರ್ನೊ ನಗರದ ಇಲ್ಯೂಷನ್ ಸಾಫ್ಟ್‌ವರ್ಕ್ಸ್; ಅದನ್ನು ಬರೆದು ನಿರ್ದೇಶಿಸಿದವನು ಡೇನಿಯಲ್ ವಾವ್ರಾ. ಆ ಸಂಸ್ಥೆಯನ್ನು 2008ರಲ್ಲಿ ಅಮೆರಿಕದ ಗೇಮ್ ಕಂಪನಿ ಟೇಕ್-ಟು ಕೊಂಡುಕೊಂಡು 2ಕೆ ಚೆಕ್ ಎಂದು ಹೆಸರಿಟ್ಟಿತು, ಮುಂದೆ ಅದು ಅದೇ ಕಂಪನಿಯ ಇನ್ನೊಂದು ಸ್ಟುಡಿಯೊ ಆದ ಹ್ಯಾಂಗರ್ 13ರೊಳಗೆ ಸೇರಿಹೋಯಿತು. ಮರುಸೃಷ್ಟಿ ಮಾಡಿದ್ದು ಇದೇ ಹ್ಯಾಂಗರ್ 13. ಆದ್ದರಿಂದ ಹೊರಗಿನವರು ಬಂದು ನಮ್ಮ ಆಟವನ್ನು ಕೆಡಿಸಿದರು ಎಂಬ ಸುಲಭದ ಸಿಟ್ಟಿಗೆ ಇಲ್ಲಿ ಜಾಗವಿಲ್ಲ. ಹೊಸದನ್ನು ಕಟ್ಟಿದ ಕೈಗಳಲ್ಲಿ ಕೆಲವು ಬರ್ನೊದವೇ.

ನೆಟ್ ಸೆಂಟರಿನ ನಿಧಾನದ ಕಾರು

ಬಳ್ಳಾರಿಯಲ್ಲಿ ನಾವು ಈ ಆಟವನ್ನು ಮೊದಲು ನೋಡಿದ್ದು ನೆಟ್ ಸೆಂಟರೊಂದರಲ್ಲಿ. ಆಗ ಕಬ್ಬಿಣದ ಅದಿರಿಗೆ ಚಿನ್ನದ ಬೆಲೆ ಬರತೊಡಗಿದ್ದ ಕಾಲ. ಸಂಡೂರು ಹೊಸಪೇಟೆಗಳ ಕಡೆಯ ರಸ್ತೆಗಳಲ್ಲಿ ಹಗಲೂ ರಾತ್ರಿ ಲಾರಿಗಳು ಸಾಲುಗಟ್ಟಿ ಸಾಗುತ್ತಿದ್ದವು. ಊರೊಳಗೂ ಅಂಗಡಿಗಳ ಫಲಕ, ಬೇವಿನ ಎಲೆ, ಒಗೆದು ಒಣಹಾಕಿದ ಬಿಳಿ ಅಂಗಿ ಎಲ್ಲದರ ಮೇಲೂ ತೆಳುವಾದ ಕೆಂಪು ದೂಳು ಕೂರುತ್ತಿತ್ತು. ನೆಟ್ ಸೆಂಟರಿನ ಅಣ್ಣ ಕಂಪ್ಯೂಟರುಗಳ ಮೇಲೆ ಹಳೆಯ ಸೀರೆಯ ತುಂಡು ಹೊದಿಸಿ ದೂಳಿನೊಂದಿಗೆ ದಿನವೂ ಗುದ್ದಾಡುತ್ತಿದ್ದರು. ಹತ್ತಾರು ಯಂತ್ರಗಳಲ್ಲಿ ಒಂದಕ್ಕೆ ಮಾತ್ರ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇತ್ತು, ‘ಮಾಫಿಯಾ’ ಓಡುತ್ತಿದ್ದದ್ದು ಅದರಲ್ಲಿ ಮಾತ್ರ. ಉಳಿದವುಗಳಲ್ಲಿ ಎಲ್ಲರೂ ‘ವೈಸ್ ಸಿಟಿ’ ಆಡುತ್ತಿದ್ದರು. ಚೀಟ್ ಕೋಡ್ ಒತ್ತಿ ಟ್ಯಾಂಕ್ ತರಿಸಿಕೊಳ್ಳುವುದು, ಸಮುದ್ರ ದಂಡೆಯಲ್ಲಿ ಸಿಕ್ಕಸಿಕ್ಕವರನ್ನು ಹಾಯುವುದು, ಪೊಲೀಸರ ನಕ್ಷತ್ರಗಳು ತುಂಬಿದಾಗ ಕೂಗಾಡುವುದು, ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಟ್ಟ ಹುಡುಗರಿಗೆ ಬೇಕಾದ ಸುಖವೆಲ್ಲ ಅದರಲ್ಲಿತ್ತು.

ನಮ್ಮಲ್ಲಿ ಒಬ್ಬ, ನನಗಿಂತ ಎರಡು ತರಗತಿ ಮುಂದಿದ್ದವನು, ಆ ಒಂದೇ ಯಂತ್ರದ ಮುಂದೆ ಕುಳಿತು ಟಾಮಿಯ ಟ್ಯಾಕ್ಸಿ ಓಡಿಸುತ್ತಿದ್ದ. ನಾಲ್ಕೈದು ಜನ ಬೆನ್ನ ಹಿಂದೆ ನಿಂತು ನೋಡುತ್ತಿದ್ದೆವು. ಗ್ಯಾಂಗ್‌ಸ್ಟರ್ ಆಟ ಎಂದು ಕೇಳಿ ಬಂದವರಿಗೆ ಕಂಡದ್ದು ಏನೆಂದರೆ, ಬಾನೆಟ್ ನಡುಗಿಸುತ್ತ ಏರು ಹತ್ತಲಾಗದೆ ಏದುಸಿರು ಬಿಡುವ ಒಂದು ಪೆಟ್ಟಿಗೆಯಂಥ ಕಾರು, ಅದರೊಳಗೆ ಪ್ರಯಾಣಿಕರನ್ನು ಕೂರಿಸಿಕೊಂಡು ಅವರು ಹೇಳಿದ ವಿಳಾಸಕ್ಕೆ ಬಿಟ್ಟುಬರುವ ಚಾಲಕ. ಕೆಂಪು ದೀಪ ಕಂಡರೆ ನಿಲ್ಲಬೇಕು. ಗಂಟೆಗೆ ನಲವತ್ತು ಮೈಲಿ ದಾಟಿದರೆ ಪೊಲೀಸರು ಬೆನ್ನು ಹತ್ತಿ ದಂಡ ಹಾಕುತ್ತಾರೆ. ಕಾರಿಗೆ ಯಾವುದಾದರೂ ತಗುಲಿದರೆ ಪ್ರಯಾಣಿಕ ಗೊಣಗುತ್ತಾನೆ. ಹೊರಗೆ ನಮ್ಮ ಊರಿನ ವೃತ್ತದಲ್ಲಿ ಸಿಗ್ನಲ್ ದೀಪ ಇದ್ದೂ ಇಲ್ಲದ ಹಾಗೆ ಎಲ್ಲರೂ ನುಗ್ಗುತ್ತಿದ್ದಾಗ, ಒಳಗೆ ಒಬ್ಬ ಮುಂದಿನ ರೌಡಿ ಖಾಲಿ ರಸ್ತೆಯಲ್ಲಿ ಹಸಿರು ದೀಪಕ್ಕಾಗಿ ಕಾಯುತ್ತಿದ್ದ. ಬೆನ್ನ ಹಿಂದಿದ್ದವರು ಒಬ್ಬೊಬ್ಬರಾಗಿ ವೈಸ್ ಸಿಟಿಯ ಕಡೆಗೆ ಸರಿದರು. ನಾನು ಉಳಿದೆ. ಯಾಕೆ ಉಳಿದೆ ಎಂದು ಆಗ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಕಾರು ತಿರುವುಗಳಲ್ಲಿ ವಾಲುವ ರೀತಿ ನಿಜವಾದದ್ದು ಎಂದಷ್ಟೇ ಅನ್ನಿಸಿತ್ತು.

ಹಳೆಯ ಆಟದ ವಿಶೇಷ ಈ ನಿಧಾನದಲ್ಲಿತ್ತು ಎಂದು ಈಗ ಹೇಳಬಲ್ಲೆ. ಅದರಲ್ಲಿ ಅಪರಾಧ ಒಂದು ನೌಕರಿಯಾಗಿತ್ತು. ಬೆಳಿಗ್ಗೆ ಸಾಲಿಯೇರಿಯ ಬಾರಿಗೆ ಹೋಗಬೇಕು, ಡಾನ್ ಹೇಳುವುದನ್ನು ಕುಳಿತು ಕೇಳಬೇಕು, ಹಿಂದಿನ ಕೋಣೆಯಲ್ಲಿ ವಿನ್ಸೆಂಜೊನಿಂದ ಬಂದೂಕು ಪಡೆಯಬೇಕು, ಅಂಗಳದಲ್ಲಿ ತೊದಲುವ ಮೆಕ್ಯಾನಿಕ್ ರಾಲ್ಫ್‌ನಿಂದ ಹೊಸ ಕಾರಿನ ಬೀಗ ತೆಗೆಯುವ ವಿದ್ಯೆ ಕಲಿಯಬೇಕು, ನಗರವನ್ನು ದಾಟಿ ಕೆಲಸದ ಜಾಗಕ್ಕೆ ಹೋಗಬೇಕು, ಕೆಲಸ ಮುಗಿದ ಮೇಲೆ ಅನೇಕ ಸಲ ಅಷ್ಟೇ ದೂರ ವಾಪಸು ಬರಬೇಕು. ಈ ವಾಪಸಾತಿಯನ್ನು ಬೇಸರದ ಸಂಗತಿ ಎಂದು ಆಗಲೇ ಬಹಳ ಜನ ಬೈದಿದ್ದರು. ಆದರೆ ಮನುಷ್ಯನೊಬ್ಬನನ್ನು ಕೊಂದು ಬಂದು ಅದೇ ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಕೆಂಪು ದೀಪಕ್ಕೆ ನಿಂತಾಗ, ಪಕ್ಕದಲ್ಲಿ ಟ್ರಾಮ್ ಹಾದುಹೋಗುವಾಗ, ಆಡುವವನಿಗೆ ಮಾಡಲು ಬೇರೇನೂ ಇರುತ್ತಿರಲಿಲ್ಲ. ಈಗಷ್ಟೇ ಮಾಡಿದ್ದರ ಬಗ್ಗೆ ಯೋಚಿಸಬಹುದಿತ್ತು, ಅಷ್ಟೆ. ಟಾಮಿ ಆ ಹೊತ್ತಿನಲ್ಲಿ ಏನು ಯೋಚಿಸುತ್ತಿದ್ದಾನೆಂದು ಆಟ ಹೇಳುತ್ತಿರಲಿಲ್ಲ. ಆ ಖಾಲಿ ಜಾಗವನ್ನು ನಾವು ತುಂಬಿಕೊಳ್ಳುತ್ತಿದ್ದೆವು.

ಸಣ್ಣ ನಿಯಮಗಳೂ ಇದೇ ದಿಕ್ಕಿಗೆ ತಳ್ಳುತ್ತಿದ್ದವು. ಅರ್ಧ ಬಳಸಿದ ಮ್ಯಾಗಜಿನ್ ಬದಲಿಸಿದರೆ ಅದರಲ್ಲಿ ಉಳಿದ ಗುಂಡುಗಳು ಹೋದವೇ. ಗಾಯ ತಾನಾಗಿ ಮಾಯುತ್ತಿರಲಿಲ್ಲ, ಗೋಡೆಗೆ ತೂಗುಹಾಕಿದ ಔಷಧಿ ಪೆಟ್ಟಿಗೆ ಹುಡುಕಬೇಕಿತ್ತು. ಕಾರಿನ ಪೆಟ್ರೋಲು ಮುಗಿಯಬಹುದಿತ್ತು. ಬೇಕೆಂದಲ್ಲಿ ಸೇವ್ ಮಾಡಿಕೊಳ್ಳುವ ಸೌಲಭ್ಯವೂ ಇರಲಿಲ್ಲ. ಆಟಕ್ಕೆ ನಮ್ಮ ಮೇಲೆ ಕರುಣೆ ಇಲ್ಲ ಎಂಬ ಅರಿವು ಸದಾ ಇರುತ್ತಿತ್ತು. ಟಾಮಿಗೂ ಆ ನಗರದಲ್ಲಿ ಅದೇ ಅರಿವಿರಬೇಕು.

ಗೊತ್ತಿರುವ ಕಥೆಯನ್ನು ಮತ್ತೆ ಆಡುವುದು

ನಮ್ಮ ಕಡೆಯ ಬಯಲಾಟದಲ್ಲಿ ಕಥೆ ಏನಾಗುತ್ತದೆಂಬ ಕುತೂಹಲಕ್ಕೆ ಯಾರೂ ಕೂರುವುದಿಲ್ಲ. ದುರ್ಯೋಧನನ ತೊಡೆ ಮುರಿಯುತ್ತದೆಂದು ಕಂಬಳಿ ಹಾಸಿ ಕುಳಿತ ಮುದುಕಿಗೂ ಅವಳ ಮೊಮ್ಮಗನಿಗೂ ಗೊತ್ತು. ಈ ವರ್ಷದ ವೇಷಧಾರಿ ಆ ಸೋಲಿನ ಕಡೆಗೆ ಹೇಗೆ ನಡೆದು ಹೋಗುತ್ತಾನೆ ಎಂಬುದನ್ನು ನೋಡುವುದಕ್ಕೆ ಜನ ಬೆಳತನಕ ಕೂರುತ್ತಾರೆ. ಈಚೆಗೆ ಅದೇ ಪ್ರಸಂಗವನ್ನು ಸಭಾಭವನಗಳಲ್ಲಿ ಒಂದೂವರೆ ಗಂಟೆಗೆ ಇಳಿಸಿ ಆಡಿಸುವುದುಂಟು. ಬೆಳಕು ಒಳ್ಳೆಯದಿರುತ್ತದೆ, ಮೈಕು ಸ್ಪಷ್ಟವಾಗಿರುತ್ತದೆ, ಮುಖ್ಯವಾದ ಮಾತುಗಳೆಲ್ಲ ಇರುತ್ತವೆ. ಸಾರಥಿಯ ಹರಟೆ, ಪಾತ್ರ ಬರುವ ಮುನ್ನ ತೆರೆಯ ಹಿಂದೆ ಆಗುವ ಸುದೀರ್ಘ ಸಿದ್ಧತೆ, ಮಧ್ಯರಾತ್ರಿಯಲ್ಲಿ ಎಲ್ಲರಿಗೂ ತೂಕಡಿಕೆ ತರಿಸುವ ಭಾಗ, ಇವೆಲ್ಲ ಹೋಗಿರುತ್ತವೆ. ನೋಡಿದವರು ಚೆನ್ನಾಗಿತ್ತು ಎನ್ನುತ್ತಾರೆ, ಹಾಗೆನ್ನುವುದರಲ್ಲಿ ಸುಳ್ಳಿರುವುದಿಲ್ಲ. ಹೊಸ ‘ಮಾಫಿಯಾ’ದ ಗೆಲುವನ್ನೂ ಕೊರತೆಯನ್ನೂ ನಾನು ಅರ್ಥ ಮಾಡಿಕೊಂಡಿರುವುದು ಈ ಬಗೆಯಲ್ಲಿ.

ಆಡಿಸುವವರಿಗೂ ಇದು ತಿಳಿದಿತ್ತು ಎಂಬ ಕುರುಹುಗಳು ಆಟದೊಳಗೇ ಇವೆ. ‘ಕ್ಲಾಸಿಕ್’ ಎಂಬ ಕಷ್ಟದ ಮಟ್ಟವನ್ನು ಆರಿಸಿಕೊಂಡರೆ ಮ್ಯಾಗಜಿನ್‌ನಲ್ಲಿ ಉಳಿದ ಗುಂಡುಗಳು ಮತ್ತೆ ವ್ಯರ್ಥವಾಗುತ್ತವೆ, ಪೊಲೀಸರು ಚುರುಕಾಗುತ್ತಾರೆ, ಕಾರಿನ ಚಲನೆಯನ್ನು ‘ಸಿಮ್ಯುಲೇಶನ್’ಗೆ ಬದಲಿಸಿದರೆ ಹಳೆಯ ವಾಲಾಟದ ನೆನಪು ಬರುತ್ತದೆ, ವೇಗವನ್ನು ಮಿತಿಯೊಳಗೆ ಹಿಡಿದಿಡುವ ಗುಂಡಿಯೂ ಇದೆ. ನಾನು ಹಾಗೆಯೇ ಆಡಿದೆ, ಹಳೆಯದನ್ನು ಪ್ರೀತಿಸಿದವರಿಗೆ ಹಾಗೆಯೇ ಆಡಿರೆಂದು ಹೇಳುತ್ತೇನೆ. ಆದರೆ ನಿಯಮಗಳನ್ನು ಬಿಗಿ ಮಾಡಿದ ಮಾತ್ರಕ್ಕೆ ಕಥೆಯ ನಡಿಗೆ ಬದಲಾಗುವುದಿಲ್ಲ. ಹೊಸ ಆಟದಲ್ಲಿ ಒಂದು ಅಧ್ಯಾಯ ಮುಗಿಯುವ ಹೊತ್ತಿಗೆ ದೃಶ್ಯವೊಂದು ಬಂದು ನಮ್ಮನ್ನು ಎತ್ತಿಕೊಂಡು ಮುಂದಿನದರೊಳಗೆ ಇಳಿಸುತ್ತದೆ. ಮರಳುವ ದಾರಿಗಳಲ್ಲಿ ಅನೇಕವು ಕತ್ತರಿಗೆ ಸಿಕ್ಕಿವೆ. ಕಾರಿನಲ್ಲಿ ಹೋಗುವಾಗ ಪಾಲಿಯೋ ಸ್ಯಾಮೋ ಮಾತಾಡುತ್ತಲೇ ಇರುತ್ತಾರೆ. ಆ ಮಾತುಗಳು ಚೆನ್ನಾಗಿ ಬರೆದವು, ಕೆಲವು ನಗು ತರಿಸುತ್ತವೆ. ಆದರೂ ಒಂದು ಕ್ಷಣವೂ ನಮ್ಮನ್ನು ಸುಮ್ಮನೆ ಬಿಡಲಾಗದ ಆತಂಕ ಅದರಲ್ಲಿ ನನಗೆ ಕೇಳಿಸುತ್ತದೆ.

ರೇಸಿನ ವಿಷಯವನ್ನು ಹೇಳದೆ ಈ ಆಟದ ಬಗ್ಗೆ ಬರೆಯುವುದು ಸಾಧ್ಯವಿಲ್ಲ. ‘ಫೇರ್ ಪ್ಲೇ’ ಎಂಬ ಆ ಅಧ್ಯಾಯದಲ್ಲಿ ಟಾಮಿ ಹಿಂದಿನ ರಾತ್ರಿ ಎದುರಾಳಿಯ ರೇಸ್ ಕಾರನ್ನು ಕದ್ದು ಕೆಡಿಸಿ ತಂದಿಟ್ಟು, ಮರುದಿನ ತಾನೇ ಓಡಿಸಿ ಗೆಲ್ಲಬೇಕು. ಹಳೆಯ ಆಟದಲ್ಲಿ ಇದು ಎಷ್ಟು ಕಠಿಣವಾಗಿತ್ತೆಂದರೆ ಮುಂದೆ ಕಷ್ಟದ ಮಟ್ಟ ತಗ್ಗಿಸಿಕೊಳ್ಳಲು ಪ್ಯಾಚ್, ಅಂದರೆ ಆಟಕ್ಕೊಂದು ತಿದ್ದುಪಡಿ, ಬಿಡುಗಡೆಯಾಯಿತು. ಪ್ಯಾಚ್ ಎಂಬುದೊಂದಿದೆ ಎಂಬ ಸುದ್ದಿಯೇ ತಲುಪದ ನಮ್ಮ ನೆಟ್ ಸೆಂಟರಿನಲ್ಲಿ ಎಷ್ಟೋ ಹುಡುಗರ ಮಟ್ಟಿಗೆ ಟಾಮಿಯ ಬದುಕು ಆ ರೇಸ್ ಟ್ರ್ಯಾಕಿನಲ್ಲಿಯೇ ನಿಂತುಹೋಯಿತು. ಟಾಮಿ ಮುಂದೆ ಮದುವೆಯಾಗುವ ಸಾರಾ ಯಾರೆಂದು ಅವರಿಗೆ ಗೊತ್ತಾಗಲೇ ಇಲ್ಲ. ಹೊಸದರಲ್ಲಿ ಮಟ್ಟವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿದೆ, ಎಲ್ಲರೂ ದಾಟಬಹುದು, ಮತ್ತು ಈ ಒಂದು ಬದಲಾವಣೆಯ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ನಿಧಾನವನ್ನು ಮೆಚ್ಚುವವನು ಹಿಂಸೆಯನ್ನೂ ಮೆಚ್ಚಬೇಕೆಂದೇನಿಲ್ಲ.

ಮುಖಗಳು ಬಂದಾಗ

ಹೊಸ ಆಟ ಖಚಿತವಾಗಿ ಗೆದ್ದಿರುವುದು ಮನುಷ್ಯರ ವಿಷಯದಲ್ಲಿ. ಹಳೆಯದರಲ್ಲಿ ಸಾರಾ ಒಂದು ರಾತ್ರಿ ಟಾಮಿಯೊಂದಿಗೆ ಮನೆಯವರೆಗೆ ನಡೆದು, ಹಾದಿಯಲ್ಲಿ ಪುಂಡರಿಂದ ತೊಂದರೆಗೊಳಗಾಗಿ, ಅವನನ್ನು ಪ್ರೀತಿಸಿ, ಆಮೇಲೆ ಹೆಚ್ಚುಕಡಿಮೆ ತೆರೆಯ ಹಿಂದಕ್ಕೆ ಹೋಗಿಬಿಡುತ್ತಾಳೆ. ಹೆಂಡತಿ ಮಕ್ಕಳ ಸಲುವಾಗಿ ಎಲ್ಲವನ್ನೂ ಬಿಟ್ಟುಕೊಡುತ್ತಿದ್ದೇನೆ ಎಂದು ನಾಯಕ ಹೇಳುವ ಕಥೆಯಲ್ಲಿ ಆ ಹೆಂಡತಿಯ ಮುಖವೇ ನಮಗೆ ಸರಿಯಾಗಿ ನೆನಪಿಲ್ಲದೆ ಹೋಗುವುದು ದೊಡ್ಡ ದೋಷ. ಹೊಸದರಲ್ಲಿ ಅವಳು ಮಾತಾಡುತ್ತಾಳೆ, ಪ್ರಶ್ನೆ ಕೇಳುತ್ತಾಳೆ, ತನ್ನ ಗಂಡ ಏನು ಕೆಲಸ ಮಾಡುತ್ತಾನೆಂದು ತಿಳಿದೂ ಮನೆ ನಡೆಸುವ ಹೆಂಗಸಿನ ತೂಕ ಅವಳಿಗಿದೆ. ಸಾಲಿಯೇರಿಯೂ ಹಾಗೆಯೇ. ಹಳೆಯ ಡಾನ್ ಒಬ್ಬ ಹಿರಿಯನಂತೆ ಇದ್ದ. ಹೊಸ ಡಾನ್‌ನ ವಾತ್ಸಲ್ಯದಲ್ಲಿಯೇ ಲೆಕ್ಕಾಚಾರ ಕಾಣುತ್ತದೆ, ಅವನು ಟಾಮಿಯ ಭುಜದ ಮೇಲೆ ಕೈ ಇಟ್ಟಾಗ ಆ ಕೈಯ ಭಾರ ಗೊತ್ತಾಗುತ್ತದೆ.

ಈ ಕಥೆಯ ತಿರುಳು ಟಾಮಿಯ ಎರಡು ಕರುಣೆಗಳಲ್ಲಿದೆ ಎಂದು ನಾನು ನಂಬಿದ್ದೇನೆ. ಹೋಟೆಲಿನಲ್ಲಿ ಕೊಲ್ಲಬೇಕೆಂದು ಕಳಿಸಿದ ಮಿಶೆಲ್ ಎಂಬ ಹುಡುಗಿ ಸಾರಾಳ ಗೆಳತಿ ಎಂದು ತಿಳಿದಾಗ ಅವಳನ್ನು ಓಡಿಹೋಗಲು ಬಿಡುತ್ತಾನೆ. ಡಾನ್‌ನ ಹಳೆಯ ಲೆಕ್ಕಿಗನೂ ಆಪ್ತನೂ ಆದ ಫ್ರಾಂಕ್ ತನ್ನ ಕುಟುಂಬದೊಂದಿಗೆ ದೇಶ ಬಿಡುತ್ತಿರುವಾಗ ವಿಮಾನ ನಿಲ್ದಾಣದಲ್ಲಿ ಅವನನ್ನೂ ಬಿಡುತ್ತಾನೆ. ಎಷ್ಟೋ ಜನರನ್ನು ಕೊಂದದ್ದಕ್ಕೆ ಆ ಜಗತ್ತು ಟಾಮಿಗೆ ಶಿಕ್ಷೆ ಕೊಡುವುದಿಲ್ಲ. ಕೊಲ್ಲದೆ ಬಿಟ್ಟ ಇಬ್ಬರ ಲೆಕ್ಕ ಮಾತ್ರ ಕೊನೆಗೆ ಅವನ ಮುಂದೆ ಬರುತ್ತದೆ, ಬರುವುದೂ ಗೆಳೆಯ ಸ್ಯಾಮ್‌ನ ಬಾಯಿಂದ. ಇಂಥ ಕಹಿಯಾದ ವಿಪರ್ಯಾಸವನ್ನು 2002ರಲ್ಲಿಯೇ ಒಂದು ವಿಡಿಯೊ ಗೇಮ್ ಇಟ್ಟುಕೊಂಡಿತ್ತು ಎಂಬುದು ಈಗಲೂ ಬೆರಗಿನ ಸಂಗತಿ. ಮರುಸೃಷ್ಟಿ ಇದನ್ನು ಕೆಡಿಸಿಲ್ಲ. ಫ್ರಾಂಕ್‌ನ ಎದುರು ಟಾಮಿ ಪಿಸ್ತೂಲು ಇಳಿಸುವ ದೃಶ್ಯ ಹೊಸದರಲ್ಲಿಯೇ ಹೆಚ್ಚು ನೋಯಿಸುತ್ತದೆ, ಯಾಕೆಂದರೆ ಇಲ್ಲಿ ಇಬ್ಬರ ಕಣ್ಣುಗಳೂ ಇವೆ.

ಆದರೆ ಕಣ್ಣುಗಳು ಬಂದ ಕೂಡಲೇ ವಿವರಣೆಯೂ ಬರುತ್ತದೆ. ಹೊಸ ಟಾಮಿ ತನ್ನ ಮನಸ್ಸನ್ನು ಬಿಚ್ಚಿ ಹೇಳುವವನು. ಅವನು ಯಾಕೆ ಸೇರಿದ, ಯಾವಾಗ ಹಿಂಜರಿದ, ಎಲ್ಲಿ ಗಟ್ಟಿಯಾದ ಎಂಬುದಕ್ಕೆಲ್ಲ ದೃಶ್ಯಗಳಿವೆ. ಹಳೆಯ ಟಾಮಿ ಸೌಮ್ಯವಾಗಿ, ಸ್ವಲ್ಪ ಬೇಜಾರಿನಿಂದ, ಬೇರೆಯವನ ಬದುಕಿನಂತೆ ತನ್ನ ಬದುಕನ್ನು ಹೇಳುತ್ತಿದ್ದ. ಅವನು ಸಾಲಿಯೇರಿಯ ಬಾರಿನೊಳಗೆ ಓಡಿ ಹೋದದ್ದಕ್ಕೆ ಎದುರಾಳಿ ಡಾನ್ ಮೊರೆಲ್ಲೊನ ಆಳುಗಳ ಭಯ ಎಷ್ಟು ಕಾರಣವೋ, ಲಕೋಟೆಯಲ್ಲಿ ಕೈಗೆ ಬಂದಿದ್ದ ದುಡ್ಡಿನ ರುಚಿ ಎಷ್ಟು ಕಾರಣವೋ ತಿಳಿಯುತ್ತಿರಲಿಲ್ಲ.

ಈ ಅಸ್ಪಷ್ಟತೆ ನನಗೆ ಹೆಚ್ಚು ನಿಜವೆನಿಸುವುದಕ್ಕೆ ನಾನು ಬೆಳೆದ ಊರೂ ಕಾರಣವಿರಬಹುದು. ಅದಿರಿನ ವರ್ಷಗಳಲ್ಲಿ ನಮ್ಮ ಓಣಿಗಳಿಂದ ಎಷ್ಟೋ ಜನ ಚಾಲಕರು ಗಣಿ ಲಾರಿಗಳನ್ನು ಹತ್ತಿದರು. ಅವರಲ್ಲಿ ಬಹುಪಾಲು ಜನ ತಮ್ಮ ಪಾಡಿಗೆ ದುಡಿದವರು. ಪರ್ಮಿಟ್ಟಿನಲ್ಲಿ ಬರೆದ ತೂಕಕ್ಕಿಂತ ಹೆಚ್ಚು ತುಂಬಿದ ಲಾರಿಯನ್ನು ಓಡಿಸುವುದು ತಪ್ಪು ಎಂದು ಗೊತ್ತಿದ್ದವರೂ ಇದ್ದರು, ಟ್ರಿಪ್ಪಿಗೆ ಇಷ್ಟು ಎಂದು ಬರುವ ದುಡ್ಡಿನ ಮುಂದೆ ಆ ಪ್ರಶ್ನೆಯನ್ನು ಕೇಳಿಕೊಳ್ಳದವರೂ ಇದ್ದರು. 2011ರ ಜುಲೈನಲ್ಲಿ ಲೋಕಾಯುಕ್ತರ ವರದಿ ಬಂತು, ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು, ಸಾಲ ತೀರದ ಲಾರಿಗಳು ಸಾಲಾಗಿ ನಿಂತವು. ಆಮೇಲೆ ಅವರಲ್ಲಿ ಯಾರೂ ಕುಳಿತು ತಾವು ಯಾಕೆ ಹಾಗೆ ಮಾಡಿದೆವೆಂದು ಕ್ರಮವಾಗಿ ಹೇಳಿದ್ದನ್ನು ನಾನು ಕೇಳಿಲ್ಲ. ಕೇಳಿದರೆ ‘ಎಲ್ಲಾರೂ ಹೊಡೀತಿದ್ರು, ನಾವೂ ಹೊಡದ್ವಿ’ ಎಂಬಷ್ಟೇ ಉತ್ತರ ಬರುತ್ತಿತ್ತು. ರೌಡಿಗಳ ಕಥೆಗೂ ಲಾರಿ ಚಾಲಕರ ಕಥೆಗೂ ಹೋಲಿಕೆ ಕಟ್ಟುವ ಉದ್ದೇಶ ನನಗಿಲ್ಲ. ಸ್ಟಿಯರಿಂಗ್ ಹಿಡಿದ ಮನುಷ್ಯನೊಬ್ಬ ದುಡ್ಡಿರುವ ದಿಕ್ಕಿಗೆ ತಿರುಗುವಾಗ ಅವನೊಳಗೆ ನಡೆಯುವ ಮಾತು ಹೊಸ ಆಟ ತೋರಿಸುವಷ್ಟು ಸ್ಪಷ್ಟವಾಗಿ ನಡೆಯುವುದಿಲ್ಲ ಎಂಬುದನ್ನಷ್ಟೇ ಹೇಳುತ್ತಿದ್ದೇನೆ.

ಅಳಿಯ ಕೇಳಿದ ಪ್ರಶ್ನೆ

ಕಳೆದ ಬೇಸಿಗೆಯಲ್ಲಿ ಅಕ್ಕನ ಮಗ ಕೊಪ್ಪಳದಿಂದ ಬಂದಿದ್ದ. ಹತ್ತನೆಯ ತರಗತಿಯ ಪರೀಕ್ಷೆ ಮುಗಿಸಿದ್ದ ಹುಡುಗ, ಮೊಬೈಲಿನ ಆಟಗಳಲ್ಲಿ ಪಳಗಿದವನು. ಬಳ್ಳಾರಿಯ ಮೇ ತಿಂಗಳ ಮಧ್ಯಾಹ್ನ, ಕೂಲರಿನ ಗಾಳಿಯೂ ಬಿಸಿಯಾಗಿಯೇ ಬರುವ ಹೊತ್ತು, ಲ್ಯಾಪ್‌ಟಾಪಿನ ಫ್ಯಾನು ಕೂಲರಿಗಿಂತ ಜೋರಾಗಿ ಕೂಗುತ್ತಿತ್ತು. ನಾನು ಎರಡನೆಯ ಸಲ ಆಡುತ್ತಿದ್ದ ಹೊಸ ‘ಮಾಫಿಯಾ’ವನ್ನು ಅವನು ಪಕ್ಕದಲ್ಲಿ ಕುಳಿತು ನೋಡುತ್ತಿದ್ದ. ಮೊದಲು ಅವನಿಗೆ ಹಿಡಿಸಿದ್ದು ನಗರ. ಮೇಲೆ ಓಡುವ ರೈಲು, ಕೆಳಗೆ ಕಬ್ಬಿಣದ ಕಂಬಗಳ ನೆರಳಿನಲ್ಲಿ ಸಾಗುವ ಕಾರುಗಳು, ತೂಗುಸೇತುವೆ, ಇವನ್ನೆಲ್ಲ ನೋಡುತ್ತ ‘ಇದು ನಿಜವಾದ ಊರೇನು ಮಾಮ?’ ಎಂದು ಕೇಳಿದ. ಅಲ್ಲ, ಷಿಕಾಗೊದಂಥ ಊರುಗಳನ್ನು ನೋಡಿ ಕಟ್ಟಿದ್ದು ಎಂದೆ. ಸ್ವಲ್ಪ ಹೊತ್ತಿನ ಮೇಲೆ ನಾನು ಕೆಂಪು ದೀಪಕ್ಕೆ ಕಾರು ನಿಲ್ಲಿಸಿದಾಗ ಅವನು ತಾಳ್ಮೆ ಕಳೆದುಕೊಂಡ.

‘ಇದ್ಯಾಕ ನಿಂತಿ ಮಾಮ? ಹಿಂದ ಯಾರೂ ಇಲ್ಲ, ಮುಂದ ಯಾರೂ ಇಲ್ಲ. ರೌಡಿ ಆಗಿ ಸಿಗ್ನಲ್‌ಗೆ ನಿಲ್ತಾನೇನು?’

‘ನಿಲ್ಲಬೇಕು, ಡಿಕ್ಕಿಯಾಗ ಮಾಲು ಐತಿ. ಪೊಲೀಸ್ರು ಹಿಡಿದ್ರ ಕೆಲಸ ಕೆಡ್ತದ.’

ಅವನು ಸ್ವಲ್ಪ ಯೋಚಿಸಿ, ಹಾಗಾದರೆ ನಿಜವಾದ ರೌಡಿಗಳೂ ಹೀಗೇ ಮರ್ಯಾದೆಯಿಂದ ಕಾರು ಓಡಿಸುತ್ತಾರೇನು ಎಂದ. ಇಪ್ಪತ್ತು ವರ್ಷಗಳ ಹಿಂದೆ ನೆಟ್ ಸೆಂಟರಿನಲ್ಲಿ ನನಗೆ ಕೇಳಲು ತೋಚದಿದ್ದ ಪ್ರಶ್ನೆ ಅವನಿಗೆ ಹತ್ತು ನಿಮಿಷದಲ್ಲಿ ತೋಚಿತ್ತು, ಅದೂ ಮರುಸೃಷ್ಟಿಯನ್ನು ನೋಡಿ. ಅಂದರೆ ಹಳೆಯ ನಿಧಾನ ಹೊಸದರಲ್ಲಿ ಪೂರ್ತಿ ಸತ್ತಿಲ್ಲ; ಹುಡುಕಿಕೊಂಡು ಹೋದವನಿಗೆ ಆಯ್ಕೆಗಳ ಪಟ್ಟಿಯಲ್ಲಿ ಸಿಗುತ್ತದೆ. ಮೊದಲು ಅದು ಎಲ್ಲರ ಪಾಲಿಗೂ ಕಡ್ಡಾಯವಾಗಿತ್ತು. ಆ ದಿನ ಕರೆಂಟ್ ಹೋಗಿ, ಬ್ಯಾಟರಿ ಇಳಿದು, ಟಾಮಿಯನ್ನು ಚರ್ಚಿನೊಳಗಿನ ಗುಂಡಿನ ಕಾಳಗದ ಮಧ್ಯೆಯೇ ಬಿಟ್ಟು ನಾವು ಎದ್ದೆವು.

ಆ ಚರ್ಚಿನ ಅಧ್ಯಾಯದ ಬಗ್ಗೆಯೂ ಒಂದು ಮಾತು. ಹಳೆಯದರಲ್ಲಿ ಹೋಟೆಲು ಮತ್ತು ಚರ್ಚು ಎರಡು ಬೇರೆ ಅಧ್ಯಾಯಗಳು, ಹೊಸದರಲ್ಲಿ ಒಂದಾಗಿವೆ. ಟಾಮಿ ಹಿಂದೊಮ್ಮೆ ಕೊಂದವನ ಶವಸಂಸ್ಕಾರ ನಡೆಯುತ್ತಿರುವ ಜಾಗಕ್ಕೇ ಛಾವಣಿಗಳ ಮೇಲಿಂದ ಓಡಿಬಂದು ಬೀಳುವ ಈ ಪ್ರಸಂಗ ಒಂದೇ ಉಸಿರಿನಲ್ಲಿ ಆದರೆ ಹೆಚ್ಚು ಪರಿಣಾಮಕಾರಿ. ಇಲ್ಲಿ ಕತ್ತರಿ ಸರಿಯಾದ ಜಾಗದಲ್ಲಿ ಬಿದ್ದಿದೆ. ಹಳ್ಳಿಯ ಕಡೆಗೆ ವಿಸ್ಕಿ ತರಲು ಹೋಗುವ ಮಳೆಯ ರಾತ್ರಿಯ ಅಧ್ಯಾಯವೂ ಹೊಸದರಲ್ಲಿಯೇ ಮೇಲು. ಕತ್ತಲು ಮತ್ತು ಮಳೆಯನ್ನು ಇಷ್ಟು ಚೆನ್ನಾಗಿ ತೋರಿಸಲು 2002ರ ಯಂತ್ರಗಳಿಗೆ ಶಕ್ತಿ ಇರಲಿಲ್ಲ.

ಕೊನೆಯ ಮಾತು ಬದಲಾದದ್ದು

ಎರಡೂ ಆಟಗಳು 1951ರಲ್ಲಿ ಮುಗಿಯುತ್ತವೆ. ಸಾಕ್ಷಿ ನುಡಿದು, ಬೇರೆ ಊರಿನಲ್ಲಿ ಬೇರೆ ಹೆಸರಿನಲ್ಲಿ ಬದುಕುತ್ತಿರುವ ಟಾಮಿಯ ಮನೆಯ ಹುಲ್ಲುಹಾಸಿಗೆ ಇಬ್ಬರು ಬಂದು, ಸಾಲಿಯೇರಿಯ ನಮಸ್ಕಾರ ತಿಳಿಸಿ ಗುಂಡು ಹಾರಿಸುತ್ತಾರೆ. ಆ ಇಬ್ಬರು ಯಾರೆಂಬುದು 2010ರ ಎರಡನೆಯ ‘ಮಾಫಿಯಾ’ ಆಡಿದವರಿಗೆ ಗೊತ್ತು. ಹಳೆಯ ಆಟದಲ್ಲಿ ಆಮೇಲೆ ಕೇಳುವ ಟಾಮಿಯ ದನಿ ನ್ಯಾಯದ ಬಗ್ಗೆ, ಲೋಕ ಕಾಗದದ ಮೇಲಿನ ಕಾನೂನಿನಿಂದ ನಡೆಯದೆ ಮನುಷ್ಯರಿಂದ ನಡೆಯುವುದರ ಬಗ್ಗೆ, ಹೆಚ್ಚು ಬಯಸಿದವನು ಎಲ್ಲವನ್ನೂ ಕಳೆದುಕೊಳ್ಳಬಹುದು, ತೀರ ಕಡಿಮೆ ಬಯಸಿದವನಿಗೆ ಏನೂ ಸಿಗದೆ ಹೋಗಬಹುದು ಎಂಬುದರ ಬಗ್ಗೆ ಮಾತಾಡುತ್ತದೆ. ಸತ್ತವನ ಮಾತಾದರೂ ಅದರಲ್ಲಿ ದೂರು ಇಲ್ಲ, ಪಶ್ಚಾತ್ತಾಪವೂ ಪೂರ್ತಿ ಇಲ್ಲ. ಲೆಕ್ಕ ನೋಡಿ ಪುಸ್ತಕ ಮುಚ್ಚುವವನ ದನಿ ಅದು. ಹೊಸದರಲ್ಲಿ ಕುಟುಂಬ ಹತ್ತಿರದಲ್ಲಿದೆ, ಸಾರಾ ಇದ್ದಾಳೆ, ಕೊನೆಯ ಮಾತು ಕುಟುಂಬವೇ ಉಳಿಯುವುದು ಎಂಬ ಅರ್ಥದ್ದು. ಸಾರಾಳನ್ನು ಅಷ್ಟು ಚೆನ್ನಾಗಿ ಕಟ್ಟಿದ ಮೇಲೆ ಅವಳನ್ನು ಕೊನೆಯಲ್ಲಿ ತರದಿರುವುದು ಸಾಧ್ಯವಿರಲಿಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಹಳೆಯ ಮುಕ್ತಾಯ ನನ್ನನ್ನು ಟಾಮಿಯ ಬಗ್ಗೆ ತೀರ್ಪು ಕೊಡದಂತೆ ತಡೆದಿತ್ತು. ಹೊಸದು ಅವನನ್ನು ಕ್ಷಮಿಸು ಎಂದು ನನ್ನ ಕೈ ಹಿಡಿಯುತ್ತದೆ. ಇಷ್ಟೊಂದು ಹೆಣಗಳನ್ನು ದಾಟಿ ಬಂದವನನ್ನು ಕ್ಷಮಿಸುವ ಅಧಿಕಾರ ಆಡಿದವನಿಗೆ ಇದೆಯೆಂದು ನನಗೆ ಅನ್ನಿಸುವುದಿಲ್ಲ.

ಸಂಗೀತದಲ್ಲಿಯೂ ಇಂಥದೇ ಒಂದು ವ್ಯತ್ಯಾಸವಿದೆ. ಹಳೆಯ ಆಟದ ಕಾರುಗಳಲ್ಲಿ ರೇಡಿಯೊ ಇರಲಿಲ್ಲ. ವ್ಲಾಡಿಮಿರ್ ಶಿಮುನೆಕ್ ಮಾಡಿದ ಮುಖ್ಯ ರಾಗವನ್ನು ಬಿಟ್ಟರೆ, ನಗರದ ಒಂದೊಂದು ಬಡಾವಣೆಗೆ ಒಂದೊಂದು ಹಳೆಯ ಹಾಡು ಅಂಟಿಕೊಂಡಿತ್ತು. ಜಾಝ್ ಗಿಟಾರ್ ವಾದಕ ಜಾಂಗೊ ರೈನ್‌ಹಾರ್ಟ್‌ನ ಗಿಟಾರ್ ಕೇಳಿದರೆ ಎಲ್ಲಿದ್ದೇವೆಂದು ನಕ್ಷೆ ನೋಡದೆ ತಿಳಿಯುತ್ತಿತ್ತು. ಹೊಸದರಲ್ಲಿ ರೇಡಿಯೊ ಇದೆ, ಆ ಕಾಲದ ಸುದ್ದಿಯೂ ಅದರಲ್ಲಿ ಬರುತ್ತದೆ. 1933ರ ಕೊನೆಗೆ ಪಾನನಿಷೇಧ ರದ್ದಾದಂಥ ಸಂಗತಿಗಳು ಕಥೆಯ ಹಿನ್ನೆಲೆಗೆ ಹೇಗೆ ಒತ್ತು ಕೊಡುತ್ತವೆ ಎಂಬುದು ಇದರಿಂದ ಚೆನ್ನಾಗಿ ಕಾಣುತ್ತದೆ. ಕಾಲದ ಭಾವ ಗಟ್ಟಿಯಾಯಿತು, ಜಾಗದ ಭಾವ ತೆಳುವಾಯಿತು.

ಇದನ್ನು ಹೇಳುವಾಗ ಒಂದು ಕಿರಿಕಿರಿಯೂ ಜೊತೆಗೆ ಬರುತ್ತದೆ. ಹಳೆಯ ಹಾಡುಗಳ ಹಕ್ಕಿನ ತೊಡಕಿನಿಂದ ಮೂಲ ಆಟ ಕೆಲವು ವರ್ಷ ಅಂತರ್ಜಾಲದ ಅಂಗಡಿಗಳಿಂದ ಕಣ್ಮರೆಯಾಗಿತ್ತು. 2017ರಲ್ಲಿ ಅದು ಗಾಗ್ ಅಂಗಡಿಗೆ ಮರಳಿದಾಗ ಆ ಹಾಡುಗಳು ಅದರಲ್ಲಿರಲಿಲ್ಲ. ಶಿಮುನೆಕ್‌ನ ರಾಗ ಉಳಿದಿದೆ, ಬಡಾವಣೆಗಳು ತಮ್ಮ ಗುರುತನ್ನು ಕಳೆದುಕೊಂಡಿವೆ. ಮರುಸೃಷ್ಟಿಯೊಂದು ಎಷ್ಟೇ ಒಳ್ಳೆಯದಿರಲಿ, ಪಕ್ಕದಲ್ಲಿ ಮೂಲ ಪೂರ್ತಿಯಾಗಿ ನಿಂತಿದ್ದಾಗ ಅದು ಇನ್ನೊಂದು ನಿರೂಪಣೆ. ಮೂಲ ಮುಕ್ಕಾದಾಗ ಅದೇ ಉತ್ತರಾಧಿಕಾರಿ. ಡೆಫಿನಿಟಿವ್ ಎಡಿಶನ್ ಮೊದಲನೆಯ ಪಾತ್ರವನ್ನು ಸೊಗಸಾಗಿ ನಿರ್ವಹಿಸುತ್ತದೆ. ಎರಡನೆಯದಕ್ಕೆ ಅದರ ಹೆಗಲು ಸಾಲದು.

ಹೊಸಬರು ಯಾವುದನ್ನು ಮೊದಲು ಆಡಬೇಕೆಂದು ಕೇಳಿದರೆ ಹೊಸದನ್ನೇ, ಕ್ಲಾಸಿಕ್ ಮಟ್ಟದಲ್ಲಿ, ನಿಧಾನವಾಗಿ ಎಂದು ಹೇಳುತ್ತೇನೆ. ಹತ್ತು ಹನ್ನೆರಡು ಗಂಟೆಗಳಲ್ಲಿ ಮುಗಿಯುತ್ತದೆ, ಕಥೆ ಮನಸ್ಸಿನಲ್ಲಿ ಕೂರುತ್ತದೆ. ಆಮೇಲೆ ಬೇಕೆನಿಸಿದರೆ ಹಳೆಯದಕ್ಕೆ ಹೋಗಬಹುದು. ಮುಖಗಳಿಲ್ಲದ ಆ ಮನುಷ್ಯರಿಗೆ ಹೊಸದರ ಮುಖಗಳನ್ನು ನಾವೇ ಕೊಟ್ಟುಕೊಂಡು ಆಡುವುದರಲ್ಲಿ ಬೇರೆ ಬಗೆಯ ಸುಖವಿದೆ. ನನ್ನ ಅಳಿಯ ಈ ಸಲಹೆಯನ್ನು ಕೇಳಲಿಲ್ಲ. ಕೊಪ್ಪಳಕ್ಕೆ ಹೋದವನು ತನ್ನ ಹಳೆಯ ಕಂಪ್ಯೂಟರಿನಲ್ಲಿ ಹೊಸದು ಓಡುವುದಿಲ್ಲವೆಂದು ಮೂಲ ಆಟವನ್ನೇ ಹಾಕಿಕೊಂಡಿದ್ದಾನೆ, ಈಗ ರೇಸಿನ ಹತ್ತಿರ ಸಿಕ್ಕಿಬಿದ್ದಿದ್ದಾನೆ. ಮಟ್ಟ ತಗ್ಗಿಸಿಕೊ ಎಂದರೆ ಬೇಡ ಎನ್ನುತ್ತಾನೆ.